ಮೂರು ಕಚ್ಚಿನ ಗ್ಯಾಸ್ಕೆಟ್

ದಾವಣಗೆರೆಯ ಖಾಜಾ ಹುಸೇನನ ಕೈಗೆ ಸ್ಪ್ಯಾನರ್ ಕೊಟ್ಟರೆ ಸತ್ತ ಎಂಜಿನ್ ಎದ್ದು ಕೂತು ಚಹಾ ಕೇಳುತ್ತಿತ್ತು. ಇದರಲ್ಲಿ ಒಂದಕ್ಷರವೂ ಉತ್ಪ್ರೇಕ್ಷೆಯಿಲ್ಲ; ಬೇಕಾದರೆ ಪಕ್ಕದ ಚಹಾ ಅಂಗಡಿಯ ಉಚ್ಚೆಂಗಪ್ಪನನ್ನು ಕೇಳಿ. ಲೋಕಿಕೆರೆಯಲ್ಲಿ ಟ್ರ್ಯಾಕ್ಟರ್ ಕೆಮ್ಮಿದರೆ ಇವನು ತನ್ನ ಶೆಡ್ಡಿನಲ್ಲಿ ಕೂತೇ "ಮೂರನೇ ನಾಜಲ್ ಹೋಗೈತೆ" ಅನ್ನುತ್ತಿದ್ದ. ಅಂಥ ಖಾಜಾ ಹುಸೇನ್ ಎಂಬತ್ತನಾಲ್ಕನೇ ಇಸವಿಯ ಚಳಿಗಾಲದಲ್ಲಿ ಇಪ್ಪತ್ತೊಂದು ದಿನ ಸರಿಯಾಗಿ ಉಂಡಿರಲಿಲ್ಲ. ಹೆಂಡತಿ ಇಮಾಂಬೀ ಹರಿಹರದ ತವರಿಗೆ ಹೋಗಿ ಕೂತಿದ್ದಳು.

ತಪ್ಪು ಅವನದೇ. ಒಂದು ಮಧ್ಯಾಹ್ನ ಊಟಕ್ಕೆ ಕೂತವನು ಜೇಬಿನಿಂದ ವರ್ನಿಯರ್ ತೆಗೆದ. ಕೂದಲೆಳೆಯ ದಪ್ಪವನ್ನೂ ಅಳೆಯುವ ಆ ಉಕ್ಕಿನ ದವಡೆಯಲ್ಲಿ ರೊಟ್ಟಿಯ ಅಂಚು ಹಿಡಿದು, "ಈ ಕಡೆ ಎರಡು, ಆ ಕಡೆ ಎರಡೂವರೆ. ಇವತ್ತು ನಿನ್ ರೊಟ್ಟಿ ಲೆವೆಲ್ ಇಲ್ಲ ನೋಡು" ಅಂದ. ಅದು ಹೊಗಳಿಕೆಯೆಂದೇ ಅವನ ಎಣಿಕೆ. ಬೇರೆಯವರ ಮನೆಯ ರೊಟ್ಟಿಯನ್ನು ಅವನು ಅಳೆಯುವ ಗೋಜಿಗೇ ಹೋಗುತ್ತಿರಲಿಲ್ಲ. ಹದಿನೆಂಟು ವರ್ಷ ಅವನಿಗೆ ರೊಟ್ಟಿ ಬಡಿದಿದ್ದ ಇಮಾಂಬೀ ಕೈ ತೊಳೆದುಕೊಂಡಳು. "ಲೆವೆಲ್ ಇರೋ ರೊಟ್ಟಿ ಎಲ್ಲ್ಯಾರ ಸಿಕ್ರೆ ಹೇಳಿ ಕಳ್ಸ್ರಿ, ನಾನೂ ನೋಡ್ತೀನಿ" ಎಂದವಳೇ ಬಸ್ ಹತ್ತಿದಳು.

ಅದೇ ವಾರ ಅರಳೆ ವ್ಯಾಪಾರಿ ವಾಮದೇವಪ್ಪನ ಕಾರು ಶೆಡ್ಡಿಗೆ ಬಂತು. ಬೊಂಬಾಯಿಯ ಹರಾಜಿನಲ್ಲಿ ಹಿಡಿದು ತಂದ ಪರದೇಶದ ಡೀಸೆಲ್ ಕಾರು, ಟರ್ಬೊ ಇದ್ದದ್ದು. ಟರ್ಬೊ ಅಂದರೆ ಎಂಜಿನ್ನಿನೊಳಕ್ಕೆ ಗಾಳಿಯನ್ನು ಒತ್ತಿ ಊದುವ ಫ್ಯಾನು. ಇಲ್ಲಿ ಅದು ಊದಿದರೆ ಆನಗೋಡಿನ ಕಣದಲ್ಲಿ ಹೊಟ್ಟು ಹಾರುತ್ತಿತ್ತು! ಕಾರು ಒಮ್ಮೆ ನೀರಿಲ್ಲದೆ ಕುದ್ದು, ಎಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ಡು ಸೊಟ್ಟಗಾಗಿತ್ತು. ಅದನ್ನು ಉಜ್ಜಿ ಸಮ ಮಾಡಬಲ್ಲವನು ಹರಿಹರದ ಹಯಾತ್ ಸಾಬ್ ಒಬ್ಬನೇ. ಅವನು ಇಮಾಂಬೀಯ ಅಣ್ಣ. ತಾನೇ ಹೋಗಲು ಧೈರ್ಯ ಸಾಲದೆ ಖಾಜಾ ಹೆಡ್ಡನ್ನು ಲಾರಿಯಲ್ಲಿ ಕಳಿಸಿ, ಲಾರಿಯಲ್ಲೇ ತರಿಸಿಕೊಂಡಿದ್ದ.

ಉಜ್ಜಿದಷ್ಟೂ ಹೆಡ್ಡು ತೆಳುವಾಯಿತು. ಇನ್ನು ಹೆಡ್ಡಿಗೂ ಎಂಜಿನ್ನಿಗೂ ನಡುವೆ ಕೂರಿಸುವ ಗ್ಯಾಸ್ಕೆಟ್ ಆರಿಸಬೇಕು. ಬೊಂಬಾಯಿಯಿಂದ ಮೂರು ಬಂದಿದ್ದವು. ಅಂಚಿನಲ್ಲಿ ಒಂದು ಕಚ್ಚು ಇದ್ದದ್ದು ತೆಳು, ಎರಡು ಕಚ್ಚಿನದು ನಡುವಿನದು, ಮೂರು ಕಚ್ಚಿನದು ದಪ್ಪ. ಬೇಕಾದ್ದಕ್ಕಿಂತ ತೆಳುವಾದರೆ ಪಿಸ್ಟನ್ ಮೇಲೆ ಬಂದು ವಾಲ್ವಿಗೆ ಗುದ್ದುತ್ತದೆ. ದಪ್ಪವಾದರೆ ಚಳಿಯಲ್ಲಿ ಕಾರು ಸ್ಟಾರ್ಟೇ ಆಗದು.

"ಎರಡು ಕಚ್ಚು, ಸಾವ್ಕಾರ್ರೆ. ನನ್ ಹೆಬ್ಬೆರಳೇ ಹೇಳ್ತೈತೆ" ಎಂದು ಖಾಜಾ ಘೋಷಿಸಿಬಿಟ್ಟಿದ್ದ.

ಆದರೂ ಅಳೆದು ನೋಡುವುದು ಅವನ ಪದ್ಧತಿ. ಪಿಸ್ಟನ್ನುಗಳ ನೆತ್ತಿಯ ಮೇಲೆ ನಾದಿದ ಹಿಟ್ಟಿನ ಉಂಡೆ ಇಡಬೇಕು. ಕಾರಿನಿಂದ ಬಿಚ್ಚಿದ ಎರಡು ಕಚ್ಚಿನ ಹಳೇ ಗ್ಯಾಸ್ಕೆಟ್ಟನ್ನೇ ಹಾಕಿ ಹೆಡ್ಡು ಬಿಗಿಯಬೇಕು. ಎಂಜಿನ್ನನ್ನು ಕೈಯಲ್ಲೇ ತಿರುಗಿಸಿ ಮತ್ತೆ ಬಿಚ್ಚಿದರೆ, ಅಪ್ಪಚ್ಚಿಯಾದ ಹಿಟ್ಟು ಎಷ್ಟು ದಪ್ಪವೋ ಒಳಗಿನ ಸಂದು ಅಷ್ಟು. ಇಷ್ಟು ವರ್ಷ ಆ ಹಿಟ್ಟು ಅಡುಗೆಮನೆಯಿಂದ ತಾನಾಗಿ ಬರುತ್ತಿತ್ತು. ಈ ಸಲ ಖಾಜಾ ತಾನೇ ಜೋಳದ ಹಿಟ್ಟಿಗೆ ತಣ್ಣೀರು ಸುರಿದು ನಾದಿದ, ಪುಡಿಪುಡಿಯಾಗಿ ಉದುರಿತು. ಗೋಧಿ ಹಿಟ್ಟು ನಾದಿದ; ಅದು ಹಿಡಿದುಕೊಂಡಿತು, ಎರಡು ಕಚ್ಚೇ ಸರಿ ಎಂದು ಅಳತೆಯನ್ನೂ ಕೊಟ್ಟಿತು. ಖುಷಿಯಲ್ಲಿ ಒಂದು ಬೀಡಿ ಸೇದಿ ಬಂದು ಮತ್ತೆ ಅಳೆದರೆ, ಅದೇ ತುಂಡು ಇನ್ನಷ್ಟು ದಪ್ಪ! ಮತ್ತೊಂದು ಬೀಡಿ ಸೇದಿದರೆ ಮತ್ತೊಂದು ಅಳತೆ. ಒಂದು ಕಟ್ಟು ಬೀಡಿ ಮುಗಿಯುವಷ್ಟರಲ್ಲಿ ಖಾಜಾನಿಗೆ ತನ್ನ ಕಣ್ಣಿನ ಮೇಲೆ, ಹೆಬ್ಬೆರಳಿನ ಮೇಲೆ, ಕಡೆಗೆ ಕಸುಬಿನ ಮೇಲೇ ನಂಬಿಕೆ ಹೋಯಿತು.

ತುಂಡುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಅವನು ಹರಿಹರದ ಬಸ್ ಹತ್ತಿದ. ಹಯಾತ್ ಸಾಬನನ್ನು ಕೇಳಿ ಬರಲು ಎಂದು ಊರಿಗೆಲ್ಲ ಹೇಳಿದ. ಬಾತಿ ದಾಟುವ ಹೊತ್ತಿಗೆ ಎದೆ ಟರ್ಬೊಗಿಂತ ಜೋರಾಗಿ ಊದುತ್ತಿತ್ತು. ಅವಳು ಎದುರಿಗೇ ಬರದಿದ್ದರೆ?

"ಬರ್ರಿ ಖಾಜಾಮಿಯಾ, ಕೂಡ್ರಿ" ಎಂದ ಹಯಾತ್ ಸಾಬ್. "ಏನ್ರಿ ಇಷ್ಟು ಸೊರಗೀರಿ? ಲೇತ್‌ಗೆ ಗೀತ್‌ಗೆ ಸಿಕ್ಕಿದ್ರೇನು?"

ಒಳಬಾಗಿಲ ಪರದೆಯ ಹಿಂದೆ ಬಳೆಯ ಸದ್ದಾಯಿತು. ಖಾಜಾ ಗಂಟು ಬಿಚ್ಚಿ ತುಂಡುಗಳನ್ನು ತೋರಿಸಿ, ಗಳಿಗೆಗೊಂದು ಅಳತೆ ಬರುವ ಕಥೆ ಹೇಳಿದ. ಹಯಾತ್ ಸಾಬ್ ತಲೆ ಕೆರೆದುಕೊಂಡ.

"ಭಯ್ಯಾ, ಇದನ್ನ ನಾದಿದೋರು ಯಾರು ಕೇಳು" ಎಂದಳು ಇಮಾಂಬೀ, ಪರದೆಯ ಹಿಂದಿನಿಂದಲೇ.

"ನಾನೇ" ಎಂದ ಖಾಜಾ.

"ಉಪ್ಪು ಹಾಕ್ಯಾರೇನು ಕೇಳು."

"ಎಂಜಿನ್ನಿಗೆ ಉಪ್ಪು ಯಾಕ?"

"ಎಂಜಿನ್ನಿಗಲ್ಲ. ಉಳಿದ ಹಿಟ್ನಾಗ ಏನಾರ ಬೇಯಿಸ್ಕೊಂಡು ಉಂಡ್ರೇನು, ಕೇಳು."

ಖಾಜಾ ಒದ್ದೆ ಬಟ್ಟೆಯ ಅಂಚು ಮಡಿಚಿದ. "ಇಲ್ಲ" ಎಂದ. "ಉಂಡಿಲ್ಲ."

ಪರದೆ ಸರಿಯಿತು. ಇಮಾಂಬೀ ಅವನ ಮುಖ ನೋಡದೆ ಬಂದು, ಒಂದು ತುಂಡನ್ನು ಎತ್ತಿ ಹೆಬ್ಬೆರಳಿನಿಂದ ಒತ್ತಿದಳು. ಬಿದ್ದ ತಗ್ಗು ನಿಧಾನಕ್ಕೆ ತುಂಬಿಕೊಂಡು ಮೇಲೆದ್ದಿತು.

"ನೋಡ್ರಿ. ಗೋಧಿದು ಒತ್ತಿದ್ರೆ ಎದ್ದು ಬರ್ತೈತೆ, ಇಲ್ಲದ ಜಾಗ ತೋರಿಸ್ತೈತೆ. ಜೋಳದ್ದು ಒತ್ತಿದಂಗೇ ಬಿದ್ದಿರ್ತೈತೆ. ಆದ್ರೆ ಅದಕ್ಕೆ ಕುದಿಯೋ ನೀರು ಬೇಕು."

ಖಾಜಾನಿಗೆ ಆಗ ಹೊಳೆಯಿತು: ಗೋಧಿ ಹಿಟ್ಟು ತೋರಿಸಿದ್ದಕ್ಕಿಂತ ಒಳಗಿನ ಸಂದು ಕಡಿಮೆ. ಆ ಅಳತೆ ನಂಬಿ ಎರಡು ಕಚ್ಚಿನದನ್ನು ಹಾಕಿದ್ದರೆ, ಎಂಟು ವಾಲ್ವೂ ಬಾನೆಟ್ ಹರಿದುಕೊಂಡು ತುಂಗಭದ್ರೆ ದಾಟಿ ಬೀಳುತ್ತಿದ್ದವು.

"ಒಂದೀಟು ನಾದಿ ಕೊಡ್ತೀಯೇನು?" ಎಂದ, ಇಲಿಯ ದನಿಯಲ್ಲಿ.

"ಬಸ್ನಾಗ ಹೋಗೋದ್ರೊಳಗೆ ಬಿರುಕು ಬಿಡ್ತೈತೆ. ಅಲ್ಲೇ ನಾದ್ಬೇಕು." ಆಮೇಲೆ ಅಣ್ಣನ ಕಡೆ ತಿರುಗಿದಳು. "ನಾದಿಕೊಟ್ಟು ಆರು ಗಂಟೆ ಬಸ್ಸಿಗೆ ವಾಪಸ್ ಬರ್ತೀನಿ ಭಯ್ಯಾ."

ವಾಪಸ್. ಆ ಮಾತು ದಾವಣಗೆರೆ ಮುಟ್ಟುವ ತನಕ ಖಾಜಾನ ಕಿವಿಯಲ್ಲಿ ನಟ್ಟು ಸಡಿಲಾದಂತೆ ಗಲಗಲ ಅಂದಿತು.

ಶೆಡ್ಡಿನಲ್ಲಿ ವಾಮದೇವಪ್ಪ ಕಾಯುತ್ತಿದ್ದ. ಇಮಾಂಬೀ ಎಸರಿಟ್ಟು, ಬಿಸಿ ನೀರಿನಲ್ಲಿ ಜೋಳದ ಹಿಟ್ಟು ನಾದಿ, ಚಿವುಟಿ ಚಿವುಟಿ ಪಿಸ್ಟನ್ನುಗಳ ಮೇಲಿಟ್ಟಳು. ಖಾಜಾ ಬಿಗಿದ, ತಿರುಗಿಸಿದ, ಬಿಚ್ಚಿದ. ಹಿಟ್ಟು ಎಳೆ ವೀಳ್ಯದೆಲೆಯಷ್ಟು ತೆಳ್ಳಗಾಗಿತ್ತು.

"ಎರಡು ಕಚ್ಚೇ ಹೌದಲ್ಲೋ ಖಾಜಾ?" ಎಂದ ವಾಮದೇವಪ್ಪ. "ನಿನ್ ಹೆಬ್ಬೆರಳು ಸುಳ್ಳು ಹೇಳಂಗಿಲ್ಲ ಬಿಡು."

ಖಾಜಾನ ಬಾಯಲ್ಲಿ ಹತ್ತು ನೆಪಗಳು ತಯಾರಿದ್ದವು. ಪರದೇಶದ ಉಕ್ಕು, ಚಳಿಗಾಲ, ಬೊಂಬಾಯಿಯವರು ಕೊರೆದ ಕಚ್ಚು. ಇಮಾಂಬೀ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು.

"ಹೇಳ್ತು ಸಾವ್ಕಾರ್ರೆ. ಸುಳ್ಳೇ ಹೇಳ್ತು. ಎರಡು ಕಚ್ಚಿಗೆ ಸಂದು ಸಾಲಂಗಿಲ್ಲ, ಬೇಕಾಗಿರೋದು ಮೂರು ಕಚ್ಚಿಂದು. ಅದನ್ನ ಹಿಡಿದಾಕಿ ಇವಳು. ಇವಳ ರೊಟ್ಟಿ ಅಳಿಯಾಕ ಹೋಗಿದ್ನಲ್ಲ, ಅದೂ ನಂದೇ ತಪ್ಪು."

ದಾವಣಗೆರೆಯೇ ಸ್ತಬ್ಧವಾಯಿತು. ಹತ್ತಿ ಗಿರಣಿಗಳ ಸದ್ದು ನಿಂತಿತು. ಉಚ್ಚೆಂಗಪ್ಪನ ಕೆಟಲಿನಲ್ಲಿ ಕುದಿಯುತ್ತಿದ್ದ ಚಹಾ ಕುದಿಯುವುದನ್ನು ಮರೆಯಿತು. ಇಮಾಂಬೀ ಮಾತ್ರ ಏನೂ ಕೇಳದವಳಂತೆ ಮೂರು ಕಚ್ಚಿನ ಗ್ಯಾಸ್ಕೆಟ್ ಎತ್ತಿಕೊಂಡು, ಸೆರಗಿನಿಂದ ಅದರ ಧೂಳು ಒರೆಸಿ, ಎರಡೂ ಕೈಯಲ್ಲಿ ಹಿಡಿದು ಅವನ ಕಡೆ ಚಾಚಿದಳು.

ಐದೂವರೆಗೆ ಎಂಜಿನ್ ಹತ್ತಿಕೊಂಡಿತು. ಒಂದು ತೊಟ್ಟು ಎಣ್ಣೆ ಸೋರಲಿಲ್ಲ, ನೀರಿನಲ್ಲಿ ಒಂದು ಗುಳ್ಳೆ ಏಳಲಿಲ್ಲ.

"ಬಸ್ ಯಾಕಮ್ಮ?" ಎಂದ ವಾಮದೇವಪ್ಪ. "ಟ್ರಯಲ್ ನೋಡ್ಬೇಕಲ್ಲ, ಹರಿಹರಕ್ಕೇ ಓಡಿಸ್ತೀವಿ. ನಿನ್ನ ಬಿಟ್ಟು ಬಂದಂಗೂ ಆಯ್ತು."

ಇಮಾಂಬೀ ಬೇಡವೆನ್ನಲಿಲ್ಲ. ಕಾರು ಹಾರಿತು, ಲಾರಿಗಳೆಲ್ಲ ನಿಂತೇ ಇವೆ ಅನ್ನಿಸುವಷ್ಟು ವೇಗ. ಆದರೂ ಸ್ಟೀರಿಂಗ್ ಹಿಡಿದ ಖಾಜಾನಿಗೆ ಆ ದಾರಿ ಇನ್ನೂ ನೂರು ಮೈಲಿ ಇರಬಾರದಿತ್ತೇ ಅನ್ನಿಸಿತು.

ಹಯಾತ್ ಸಾಬನ ಬಾಗಿಲಲ್ಲಿ ಇಮಾಂಬೀ ಇಳಿದಳು. ಖಾಜಾ ಎದುರಿನ ಗಾಜನ್ನೇ ನೋಡುತ್ತ ಕೀಲಿಗೆ ಕೈ ಹಾಕಿದ.

"ಎಂಜಿನ್ ಬಂದ್ ಮಾಡ್ಬ್ಯಾಡ್ರಿ" ಎಂದಳು ಇಮಾಂಬೀ. "ಬಟ್ಟೆ ಗಂಟು ಕಟ್ಕೊಂಡು ಬಂದೆ."