ಮೊದಲ ಹಿಡಿ ಮಣ್ಣು

ಪಕ್ಕದ ಮನೆಯ ರಾಮವ್ವ ಮುತ್ತಿನ ಸರವನ್ನು ಅಕ್ಕುತಾಯಿಯ ಕೊರಳ ಹಿಂದೆ ಗಂಟು ಹಾಕಲು ಹೋದಾಗ ಅಕ್ಕುತಾಯಿ ಮುದುಕಿಯ ಎರಡೂ ಕೈ ಹಿಡಿದಳು. ಕೆಂಪು, ಬಿಳಿ ಮಣಿಗಳು ಇಬ್ಬರ ಬೆರಳ ನಡುವೆ ಬಿಗಿದು ನಿಂತವು. ಪಕ್ಕದ ಚಾಪೆಯ ಮೇಲೆ ಅವಳ ಅವ್ವ ಕಸ್ತೂರೆವ್ವನ ಹೆಣ.

“ಬಿಡ ಆಯಿ.”

“ಒಂದ ತಾಸ ಇರ್ಲಿ ಬೇ. ಮಣ್ಣ ಹಾಕಿ ಬಂದು ಹರದ ಒಗಿ. ನಾ ಏನ ಜಲ್ಮಪೂರ್ತಿ ಕಟ್ಕೋ ಅಂದ್ನೇನು?”

“ನಿನಗ ಕಟ್ಟುವಾಗ ಏನಂದಿದ್ರು?”

ರಾಮವ್ವ ಹಿಡಿತ ಸಡಿಲಿಸಿದಳು. ಅವಳ ಕೊರಳಲ್ಲೂ ಅಂಥದೇ ಸರ, ಬೆವರಿಗೆ ಕಪ್ಪಾಗಿತ್ತು.

ಮುತ್ತು ಕಟ್ಟಿ ದೇವಿಗೆ ದೇವದಾಸಿಯಾಗಿ ಬಿಟ್ಟ ಹೆಣ್ಣು ಆ ಓಣಿಯಲ್ಲಿ ಗಂಡುಮಗನ ಸಮ. ಸತ್ತವರಿಗೆ ಮೊದಲ ಹಿಡಿ ಮಣ್ಣು ಹಾಕುವುದು ಅವಳ ಹಕ್ಕು, ಮಣ್ಣು ಹಾಕಿದವರಿಗೇ ಮನೆ. ಗಂಡುಮಕ್ಕಳಿಲ್ಲದ ಅಪ್ಪ ಕಸ್ತೂರೆವ್ವನನ್ನು ದೇವಿಗೆ ಬಿಟ್ಟದ್ದೇ ಅದಕ್ಕೆ. ಅವನಿಗೆ ಮಣ್ಣು ಹಾಕಿ ಅವಳು ಈ ಎರಡು ಖೋಲಿಯ ಮನೆ ಉಳಿಸಿಕೊಂಡಿದ್ದಳು. ಈಗ ಬರಿಗೊರಳಿನ ಮಗಳು ಬರೀ ಹೆಣ್ಣು. ಮಣ್ಣೂ ಮನೆಯೂ ಕಸ್ತೂರೆವ್ವನ ಚಿಕ್ಕಪ್ಪನ ಮಗ ನಾಮದೇವನ ಪಾಲಿಗೆ.

ಅವನು ಕಟ್ಟೆಯ ಮೇಲೆ ಕೂತು ತಂಬಾಕು ತಿಕ್ಕುತ್ತಿದ್ದ. “ಕಟ್ಟಬ್ಯಾಡ ರಾಮವ್ವ, ಗುನ್ನೆ ಆಗತೈತಿ. ಕಾಯ್ದೆ ಬಂದೈತಿ. ರಾಯಬಾಗದ ಸಭಾದಾಗ ನಾನೂ ಚಪ್ಪಾಳಿ ಹೊಡದೇನಲ್ಲ?”

“ಹೊಡದಿ ಖರೆ. ಮನಿ ಮ್ಯಾಲ ಕಣ್ಣಿಟ್ಟ ಹೊಡದಿ, ಭಾಡ್ಯಾ,” ಎಂದಳು ರಾಮವ್ವ.

---

ಆ ಸಭೆ ನಡೆದು ಏಳೆಂಟು ವರ್ಷವಾಗಿತ್ತು. ಪೆಂಡಾಲಿನ ಕೆಳಗೆ ಮಹಿಳಾ ಕಾರ್ಯಕ್ರಮದ ಕಾರ್ಯಕರ್ತೆ, ಶೇಡಬಾಳದ ಜಿನಮತಿ, ಕತ್ತರಿ ಹಿಡಿದು ನಿಂತಿದ್ದರು. ಒಬ್ಬೊಬ್ಬರಾಗಿ ಬಂದ ಹೆಂಗಸರ ಸರ ಕತ್ತರಿಸಿ ಬುಟ್ಟಿಗೆ ಹಾಕುತ್ತಿದ್ದರು. ಕಸ್ತೂರೆವ್ವನ ಮುಂದೆ ಮೈಕು ಹಿಡಿದರು.

“ಹೇಳ್ರಿ, ಮುತ್ತ ಯಾಕ ಬಿಟ್ರಿ?”

“ನನ್ನ ಮಗಳಿಗೆ ಕಟ್ಟಾಕ ಬಂದಿದ್ರರಿ,” ಎಂದಳು ಕಸ್ತೂರೆವ್ವ. ಜನ ಚಪ್ಪಾಳೆ ತಟ್ಟಿದರು.

ಕಾರ್ಯಕ್ರಮದಿಂದ ಹೊಲಿಗೆ ಮಿಷನ್ ಬಂತು. ಮೇಲಿನ ಓಣಿಯವರು ಕುಬಸದ ಬಟ್ಟೆ ಕೊಡಲಿಲ್ಲ. ಹರಿದ ಗೊಬ್ಬರದ ಚೀಲ ಕೊಟ್ಟರು. ಚೀಲಕ್ಕೆ ಮೈಲಿಗೆ ಇರಲಿಲ್ಲ. ಅವಳು ಸಾಯುವ ತನಕ ಚೀಲ ಹೊಲಿದಳು, ಮಗಳನ್ನು ಮೆಟ್ರಿಕ್ ಓದಿಸಿದಳು. ಯಾರಾದರೂ ಮುತ್ತಿನ ಮಾತೆತ್ತಿದರೆ ಮಿಷನ್ ಜೋರಾಗಿ ತುಳಿಯುತ್ತಿದ್ದಳು.

---

ಜಿನಮತಿ ಮಧ್ಯಾಹ್ನದ ಬಸ್ಸಿಗೆ ಹಾರ ಹಿಡಿದುಕೊಂಡು ಬಂದರು. ರಾಮವ್ವ ಚಹಾ ತಂದಳು.

“ಬ್ಯಾಡ್ರಿ, ಉಪವಾಸ ಐತಿ.”

“ನಮ್ಮ ಓಣಿಗಿ ಬಂದಾಗೆಲ್ಲಾ ಉಪವಾಸ ಇರತೀರಲ್ರಿ ಬಾಯಾರ. ಪುಣ್ಯಾ ಭಾಳ ಗಂಟ ಬಿದ್ದಿರಬೇಕು.”

ಜಿನಮತಿ ಹಾರದ ಸಿಕ್ಕು ಬಿಡಿಸತೊಡಗಿದರು. ಅಕ್ಕುತಾಯಿ ಅವರ ಮುಂದೆ ಬಂದು ನಿಂತಳು. “ಬಾಯಾರ, ಅವ್ವಗ ನಾ ಮಣ್ಣ ಹಾಕತೇನಿ. ಮುತ್ತು ಕಟ್ಟಿಕೊಳ್ಳದನ. ಇವರಿಗೊಂದ ಮಾತ ಹೇಳ್ರಿ.”

“ಕಾಯ್ದೆದಾಗ ಮಗಳಿಗೂ ಹಕ್ಕ ಐತವಾ. ಸೋಮವಾರ ಆಫೀಸಿಗೆ ಅರ್ಜಿ…”

“ಹೆಣ ಸೋಮವಾರತನಕ ಇರೂದಿಲ್ರಿ.”

“ಮಣ್ಣ ಕೊಡೂದು ನಿಮ್ಮ ಮಂದಿ ಪದ್ಧತಿ. ನಾ ಹೊರಗಿನಾಕಿ ಹೆಂಗ ನಡಬರಕ ಬರ್ಲಿ?”

“ಅವ್ವನ ಕೊರಳಿಗಿ ಕತ್ತರಿ ಹಚ್ಚುವಾಗ ಒಳಗಿನಾಕಿ ಇದ್ರಿ?”

ಜಿನಮತಿ ಹಾರವನ್ನು ಹೆಣದ ಮೇಲಿಟ್ಟು ಕೈಮುಗಿದರು. ನಾಮದೇವ ಎದ್ದು ತಂಬಾಕು ಉಗುಳಿದ. “ಹೊತ್ತಾತು, ಎತ್ರಿ.”

ಹಳ್ಳದ ದಂಡೆಗೆ ಬಂದಾಗ ಹೆಂಗಸರು ನಿಂತರು. ಅವರು ಅಲ್ಲಿಂದ ಹಿಂತಿರುಗಬೇಕು. ಅಕ್ಕುತಾಯಿ ನಿಲ್ಲಲಿಲ್ಲ. ರಾಮವ್ವ ಅವಳ ಸೆರಗು ಹಿಡಿದಳು, ಆಮೇಲೆ ಬಿಟ್ಟಳು.

ಕುಣಿಯ ಸುತ್ತ ಗಂಡಸರು ಹೆಗಲಿಗೆ ಹೆಗಲು ಹಚ್ಚಿ ನಿಂತರು. ಹೆಣ ಇಳಿಸಿದ್ದಾಯಿತು. ಅಕ್ಕುತಾಯಿ ಬಗ್ಗಿ, ಅವರ ಕಾಲುಗಳ ನಡುವೆ ನುಸುಳಿ ಕುಣಿಗೆ ಇಳಿದುಬಿಟ್ಟಳು. ಅವ್ವನ ತಲೆ ತೊಡೆಯ ಮೇಲೆ ಇಟ್ಟುಕೊಂಡು ಕುಳಿತಳು.

“ಮ್ಯಾಲ ಬಾ ಲೇ,” ಎಂದ ನಾಮದೇವ, ಮುಷ್ಟಿಯಲ್ಲಿ ಮಣ್ಣು ಹಿಡಿದು.

“ಮೊದಲ ನಾ ಹಾಕತೇನಿ ಮಾಮಾ.”

“ಹುಚ್ಚ ಹಿಡದೈತಿ ಇಕಿಗಿ,” ಯಾರೋ ನಕ್ಕರು. ಯಾರೂ ಅವಳನ್ನು ಎತ್ತಲು ಇಳಿಯಲಿಲ್ಲ. ನಾಮದೇವ ಸುತ್ತ ನೋಡಿದ. ಎಲ್ಲರೂ ಅವನ ಕೈಯನ್ನೇ ನೋಡುತ್ತಿದ್ದರು. ಅವನು ಮುಷ್ಟಿ ಬಿಚ್ಚಿ ಎಸೆದ.

ಮಣ್ಣು ಅವಳ ನೆತ್ತಿಯ ಮೇಲೆ ಬಿತ್ತು, ಕಣ್ಣೊಳಗೆ ಹೋಯಿತು. ಅಕ್ಕುತಾಯಿ ಕಣ್ಣು ಮುಚ್ಚಿಕೊಂಡೇ ಕೂದಲೊಳಗೆ ಬೆರಳಾಡಿಸಿದಳು. ಸಿಕ್ಕಷ್ಟು ಮಣ್ಣು ಬಳಿದು ತೆಗೆದು ಅವ್ವನ ಎದೆಯ ಮೇಲೆ ಇಟ್ಟಳು, ಅಂಗೈಯಿಂದ ಒತ್ತಿದಳು. ಹೆಣದ ಮೇಲೆ ಅದೇ ಮೊದಲ ಮಣ್ಣು.

ಮೇಲಿನಿಂದ ಎರಡನೆಯ ಹಿಡಿ ಬಿತ್ತು. ಆಮೇಲೆ ಸಲಿಕೆಯ ಸದ್ದು ಕೇಳಿಸಿತು.