ಬಾಯಿ ತೆಗಿಯೇ

ಹಲ್ಲಿನ ಡಾಕ್ಟರ ಪಕ್ಕ ನಿಂತು, ಬಂದವರಿಗೆಲ್ಲ “ಬಾಯಿ ತೆಗೀರಿ, ಇನ್ನೂ ದೊಡ್ಡದಾಗಿ” ಎನ್ನುವುದು ನನ್ನ ಕೆಲಸ. ಮನೆಗೆ ಬಂದರೆ ಮಗಳಿಗೆ ಹೇಳುವುದು ಒಂದೇ ಮಾತು: ಬಾಯಿ ಮುಚ್ಚು. ಹಾಲು ಉಕ್ಕುತ್ತೆ, ನೀರು ಯಾಕೆ ಉಕ್ಕಲ್ಲ ಎಂದು ಶುರುವಾದರೆ ಅವಳು ನಿಲ್ಲಿಸುವವಳಲ್ಲ. ಅವಳಪ್ಪ ಅವಳಿಗೆ ಇಟ್ಟ ಹೆಸರೇ ‘ಯಾಕಮ್ಮ’.

ಎರಡು ಕಾಲೇಜುಗಳು ಆಗಲೇ ಸೀಟಿಲ್ಲ ಎಂದಿದ್ದವು. ಅವಳು ಬಯಸಿದ ಭೌತಶಾಸ್ತ್ರಕ್ಕೆ ಉಳಿದದ್ದು ಇವತ್ತು ಸಂದರ್ಶನಕ್ಕೆ ಕರೆದಿದ್ದ ಇದೊಂದೇ ಕಾಲೇಜು. “ಕೇಳಿದ್ದಕ್ಕೆ ಉತ್ತರ ಕೊಡು. ಎದುರು ಪ್ರಶ್ನೆ ಹಾಕಿದೆಯೋ, ಜೋಕೆ!” ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳಿಗೆ ಪಾಠ ಹೇಳಿದ್ದೆ. ಒಂದು ಚೀಲ ಸರ್ಟಿಫಿಕೇಟೂ ಹೊತ್ತು ತಂದಿದ್ದೆ.

ಸಂದರ್ಶನ ಮಾಡುತ್ತಿದ್ದ ಪ್ರೊಫೆಸರಮ್ಮ ನನ್ನ ಚೀಲದ ಕಡೆ ತಿರುಗಿಯೂ ನೋಡಲಿಲ್ಲ. ನನ್ನನ್ನು ಬಾಗಿಲ ಪಕ್ಕ ಕೂರಿಸಿ ಮಗಳನ್ನು ಕೇಳಿದರು, “ಹೋದ ವರ್ಷ ಗಣಿತದಲ್ಲಿ ಅಂಕ ಕಡಿಮೆಯಾಗಿದೆಯಲ್ಲ?”

“ಕಷ್ಟದ ಪೇಪರ್ ತಗೊಂಡಿದ್ದೆ, ಮೇಡಂ.”

“ಪರವಾಗಿಲ್ಲ. ಸುಲಭದ್ದು ತಗೊಂಡು ನೂರಕ್ಕೆ ನೂರು ತೆಗೆಯೋರು ಬೇಕಾದಷ್ಟು ಜನ ಇದ್ದಾರೆ.”

ನನಗೆ ಜೀವ ಬಂತು. ಅಷ್ಟರಲ್ಲಿ ಜವಾನನೊಬ್ಬ ಬಂದು ಲೋಟಕ್ಕೆ ನೀರು ಹಿಡಿದುಕೊಂಡು ಹೋದ; ಮೂಲೆಯಲ್ಲಿ ತಲೆಕೆಳಗಾಗಿ ಕೂರಿಸಿದ್ದ ಕುಡಿಯುವ ನೀರಿನ ಕ್ಯಾನು ಗುಳುಗುಳು ಎಂದಿತು. ಮಗಳು ಅತ್ತ ತಿರುಗಿದಳು, ಏನೋ ಕೇಳಲು ತುಟಿ ತೆರೆಯಿತು. ನಾನು ಕೆಮ್ಮಿದೆ. ತುಟಿ ಮುಚ್ಚಿಕೊಂಡಿತು.

“ನಮ್ಮನ್ನ ಏನಾದರೂ ಕೇಳೋದಿದೆಯಾ?”

“ಇಲ್ಲ, ಮೇಡಂ.”

ಪ್ರೊಫೆಸರಮ್ಮ ಕನ್ನಡಕ ತೆಗೆದರು. “ಪ್ರಶ್ನೆ ಕೇಳಿ ಕೇಳಿ ನನ್ನ ತಲೆ ತಿಂತಾಳೆ ಅಂತ ನಿಮ್ಮ ಮೇಷ್ಟ್ರು ನಿನ್ನ ಬಗ್ಗೆ ಬರೆದಿದ್ದಾರೆ. ಅದನ್ನ ಓದಿಯೇ ನಿನ್ನನ್ನ ಕರೆಸಿದ್ದು. ಪಾಪ, ಅವರು ಬೇರೆ ಯಾರನ್ನೋ ನೆನೆಸಿಕೊಂಡು ಬರೆದಿರಬೇಕು.”

ಮುಂದಿನವರನ್ನು ಕರೆಯಲು ಅವರ ಕೈ ಗಂಟೆಯತ್ತ ಹೋಯಿತು. ಮಗಳ ಸೀಟಿಗೆ ಕಲ್ಲು ಹಾಕಿದವಳು ನಾನೇ! ಎದ್ದು ನಿಂತೆ.

“ಮೇಡಂ, ಬೇರೆ ಯಾರೂ ಅಲ್ಲ, ಇವಳೇ! ನನ್ನ ತಲೇನೂ ತಿಂದು ತೇಗಿದ್ದಾಳೆ. ಬಾಯಿಗೆ ಬೀಗ ಹಾಕಿದ್ದು ನಾನು.” ಮಗಳತ್ತ ತಿರುಗಿ ಕ್ಲಿನಿಕ್ಕಿನ ದನಿಯಲ್ಲೇ ಹೇಳಿದೆ, “ಬಾಯಿ ತೆಗಿಯೇ. ಇನ್ನೂ ದೊಡ್ಡದಾಗಿ.”

ತೆಗೆದಳು ನೋಡಿ! “ಮೇಡಂ, ಆ ಕ್ಯಾನು ಗುಳುಗುಳು ಅನ್ನೋದು ಗಾಳಿ ಒಳಗೆ ಹೋಗೋದಕ್ಕೆ ತಾನೆ? ಗಾಳಿ ಹೋಗದ ಹಾಗೆ ಮಾಡಿದ್ರೆ ನೀರು ತಕ್ಷಣ ನಿಂತುಬಿಡುತ್ತಾ, ಇಲ್ಲಾ ಸ್ವಲ್ಪ ಬಂದು ನಿಲ್ಲುತ್ತಾ?”

“ಮಾಡೇ ನೋಡೋಣ,” ಎಂದು ಪ್ರೊಫೆಸರಮ್ಮ ಎದ್ದರು. ಒಂದು ಬಾಟಲಿ ತುಂಬಿಸಿ ತಲೆಕೆಳಗು ಮಾಡಿದರು, ಮಗಳು ಬಾಟಲಿಯ ಬಾಯಿಗೆ ಬೆರಳಿಟ್ಟು ಸ್ವಲ್ಪ ಸ್ವಲ್ಪವೇ ಸಡಿಲಿಸಿದಳು, ನೆಲವೆಲ್ಲ ಒದ್ದೆಯಾಯಿತು. ಇಬ್ಬರಿಗೂ ನಾನು ಅಲ್ಲಿದ್ದದ್ದೇ ಮರೆತುಹೋಗಿತ್ತು.

ಕೊನೆಗೆ ನೆನೆದ ತೋಳು ಒರೆಸಿಕೊಳ್ಳುತ್ತ ಪ್ರೊಫೆಸರಮ್ಮ ಹೇಳಿದರು, “ಸರಿಯಮ್ಮ, ಸೀಟು ನಿಂದೇ.”

ಎಷ್ಟೋ ದಿನದಿಂದ ಎದೆ ಮೇಲೆ ಕೂತಿದ್ದ ಭಾರ ಇಳಿಯಿತು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲೂ ಇಲ್ಲ.

ಮಗಳು ಪ್ರೊಫೆಸರಮ್ಮನನ್ನು ಕೇಳಿದಳು, “ಯಾಕೆ?”

ಅವಳ ಬಾಯಿ ಮುಚ್ಚಲು ನನ್ನ ಕೈ ತಾನಾಗಿಯೇ ಮೇಲೆದ್ದಿತು. ಅದೇ ಕೈಯಿಂದ ಕುರ್ಚಿ ಎಳೆದುಕೊಂಡು ಕೂತೆ.

“ಹೇಳಿಬಿಡಿ ಮೇಡಂ,” ಎಂದೆ. “ಇಲ್ಲದಿದ್ರೆ ಬಸ್ಸಲ್ಲಿ ನನ್ನನ್ನ ಕೇಳ್ತಾಳೆ.”