‘ಗೋಂದು’ ಅಂದವನಿಗೆ ಬಿದ್ದ ಏಟು

ನಾನು ಉಳಿ ಹಿಡಿದರೆ ಕಾಡಿನ ಮರಗಳು ತಾವೇ ನಡೆದು ಬಂದು ಮಲಗುತ್ತವೆ, ಅಂಥ ಬಡಗಿ. ಇಂಥ ನನ್ನ ಎರಡು ಹಲ್ಲು ಉದುರಿಸಿದ ಗಂಡು ಭೂಮಿಯ ಮೇಲೆ ಒಬ್ಬನೇ, ನನ್ನ ತಮ್ಮ.

ಡೌನ್ಸ್ ಸಿಂಡ್ರೋಮ್ ಹೊತ್ತೇ ಹುಟ್ಟಿದವನು. ಮೂವತ್ತು ವರ್ಷದಿಂದ ನನ್ನ ಬಡಗಿಶಾಲೆಯ ಬಾಗಿಲು ಕಾಯುತ್ತಾನೆ. ಕಾವಲು ಕಲಿಸಿದ ಮಹಾಪಂಡಿತ ನಾನೇ. “ಯಾರು ಅಂತ ಕೇಳು. ‘ಗೋಂದು’ ಅಂದ್ರೆ ನಮ್ಮವರು. ಬೇರೆ ಏನಂದ್ರೂ ಕಳ್ಳ, ಬಾರಿಸು.”

ನಲವತ್ತೆಂಟಕ್ಕೆ ಅವನಿಗೆ ಮರೆವಿನ ಕಾಯಿಲೆ ಹಿಡಿಯಿತು. ಡಾಕ್ಟರಮ್ಮ ಬಿಡಿಸಿ ಹೇಳಿದರು: “ಮಿದುಳಲ್ಲೂ ಕಾವಲಿನ ಕಣಗಳಿರ್ತವೆ. ಇವರಿಗೆ ಅವು ಮೊದಲಿಂದ್ಲೂ ರೇಗಿಕೊಂಡೇ ಇರ್ತವೆ. ಈಗ ಕಸದ ಜೊತೆ ಮನೆಯವರನ್ನೂ, ಅಂದ್ರೆ ಒಳ್ಳೇ ಕಣಗಳನ್ನೂ, ಚಚ್ತಾ ಇವೆ.”

ಅದೇ ವಾರ ಅವನು ಅಕ್ಕನ ಮಣಿಕಟ್ಟು ಮುರಿದ. ಅಕ್ಕ ಕಡ್ಡಿ ಮುರಿದಂತೆ ಹೇಳಿದಳು: “ಇನ್ನೊಂದು ಸಲ ಯಾರ ಮೇಲಾದ್ರೂ ಕೈ ಮಾಡಿದ್ರೆ ಆರೈಕೆ ಕೇಂದ್ರಕ್ಕೆ ಕಳಿಸೋದೇ.”

ಮರುದಿನ ಬೆಳಿಗ್ಗೆ ಹಲಗೆ ಹೊತ್ತು ಬಂದೆ.

“ಯಾರು?”

“ಗೋಂದು.”

“ಗೋಂದು ಅಂದ್ರೆ ಯಾರು?”

“ಲೋ, ನಾನು ಕಣೋ, ನಿನ್ನಣ್ಣ!”

“ಸುಳ್ಳು!”

ಉಳಿಗೆ ಬಡಿಯುವ ಮರದ ಕೊಡತಿ ಬಾಯಿಗೆ ಬಿತ್ತು. ಎರಡನೆಯ ಏಟಿಗೆ ಹೆಗಲ ಮೂಳೆ ಲಟಕ್ಕೆಂದಿತು, ಮೂರನೆಯದಕ್ಕೆ ಕಿವಿ ಹರಿಯಿತು. ಮರದ ಹೊಟ್ಟಿನ ಮೇಲೆ ನನ್ನ ರಕ್ತ ಹೊಳೆಯಾಗಿ ಹರಿಯಿತು, ದೋಣಿ ಬಿಡಬಹುದಿತ್ತು. ಬಲಗೈಗೆ ಉಳಿ ಸಿಕ್ಕಿತು. ಮುಟ್ಟಿದೆ, ಬಿಟ್ಟೆ. ಕೊಡತಿ ತಲೆಯ ಮೇಲೆ ಎದ್ದಿತ್ತು.

“ಸಾಹೇಬ್ರೇ, ನಾನು ಕಳ್ಳನೇ! ಹಿಡ್ಕೊಳ್ಳಿ!”

ಕೊಡತಿ ಗಾಳಿಯಲ್ಲೇ ನಿಂತಿತು. ಸಿಕ್ಕಿಬಿದ್ದ ಕಳ್ಳನನ್ನು ಏನು ಮಾಡಬೇಕೆಂದು ನಾನು ಕಲಿಸಿಯೇ ಇರಲಿಲ್ಲ. ಯೋಚಿಸಿ ಯೋಚಿಸಿ ನನ್ನ ಕೈಗಳನ್ನು ಹಗ್ಗದಲ್ಲಿ ಬಿಗಿದ. ಆಮೇಲೆ ತನ್ನ ಅಂಗಿಯ ತುದಿಯಿಂದ ನನ್ನ ಬಾಯಿ ಒರೆಸಿದ.

“ನೋವಾಯ್ತಾ, ಕಳ್ಳ?”

ಅಷ್ಟರಲ್ಲಿ ಬಾಗಿಲಲ್ಲಿ ಅಕ್ಕ, ಕೈಗೆ ಪಟ್ಟಿ ಕಟ್ಟಿಕೊಂಡು.

“ಯಾರೋ ಹೊಡೆದಿದ್ದು?”

“ಏಳು ಜನ ಕಳ್ಳರಕ್ಕಾ! ಒಬ್ಬೊಬ್ಬನೂ ಬೀರುವಿನಷ್ಟು ಎತ್ತರ! ಇವನಿಲ್ಲದಿದ್ರೆ ನನ್ನ ಕತೆ ಮುಗೀತಿತ್ತು.”

ಅವಳು ನನ್ನ ಕಟ್ಟಿದ ಕೈ ನೋಡಿದಳು, ಕೊಡತಿಗೆ ಅಂಟಿದ್ದ ಹಲ್ಲು ನೋಡಿದಳು.

“ಏಳೇ ಜನಾನಾ? ನಿನ್ನ ಬಾಯಿಗೆ ಕಮ್ಮಿ ಆಯ್ತಲ್ಲೋ.”

ತಮ್ಮ ಕೊಡತಿ ಎತ್ತಿಕೊಂಡು ಅವಳತ್ತ ತಿರುಗಿದ. “ಯಾರು?”

ಅಕ್ಕ ಗೋಂದು ಅನ್ನಲಿಲ್ಲ. ಮುರಿದ ಕೈ, ನೆಟ್ಟಗಿದ್ದ ಕೈ ಎರಡನ್ನೂ ಮುಂದೆ ಚಾಚಿದಳು.

“ಕಳ್ಳಿ ಕಣಪ್ಪಾ. ಕಟ್ಟು. ಸ್ವಲ್ಪ ಸಡಿಲವಾಗಿ ಕಟ್ಟು.”

ಅವನು ಕೊಡತಿ ಕೆಳಗಿಟ್ಟು ಹಗ್ಗ ಹುಡುಕಿದ.